ಪತನವೂ ಅವತರಣವೂ: ಗಗನದಿಂದ ಧುಮುಕುವ ವಿದ್ಯೆಯ ವಿಚಾರ

ಮೇಲಿನಿಂದ ಕೆಳಕ್ಕೆ ಬರುವ ಕ್ರಿಯೆಯನ್ನು ಹೇಳುವುದಕ್ಕೆ ಕನ್ನಡದಲ್ಲಿ ‘ಬೀಳು’, ‘ಇಳಿ’ ಎಂಬ ಎರಡು ಧಾತುಗಳುಂಟು. ಸಂಸ್ಕೃತದಲ್ಲಿಯೂ ಪತನ, ಅವತರಣ ಎಂಬ ಭೇದವಿದೆ. ಮರದ ಹಣ್ಣು ಬೀಳುತ್ತದೆ, ಗರುಡಪಕ್ಷಿಯು ಇಳಿಯುತ್ತದೆ. ಮೊದಲನೆಯದರಲ್ಲಿ ಕರ್ತೃವಿಗೆ ಸ್ವಾತಂತ್ರ್ಯವಿಲ್ಲ, ಎರಡನೆಯದರಲ್ಲಿ ಉಂಟು. ಹಲವು ಮೈಲಿಗಳ ಎತ್ತರದಿಂದ ಧುಮುಕಿ ಭೂಮಿಯನ್ನು ಕ್ಷೇಮವಾಗಿ ಸೇರುವವರ ಕ್ರಿಯೆಗೆ ಇವೆರಡರಲ್ಲಿ ಯಾವ ಪದವು ಸಲ್ಲುತ್ತದೆಂಬುದು ಕೇವಲ ಶಬ್ದವಿಚಾರವಲ್ಲ. ಅವರ ಪ್ರಾಣವೇ ಆ ಭೇದವನ್ನು ಅವಲಂಬಿಸಿರುತ್ತದೆ.

ವೈಶೇಷಿಕರು ಪತನಕ್ಕೆ ಗುರುತ್ವವನ್ನು ಕಾರಣವೆಂದರು. ಮೊದಲ ಕ್ಷಣದ ಪತನವು ಗುರುತ್ವಮಾತ್ರದಿಂದಲೂ, ಅನಂತರದ್ದು ಗುರುತ್ವ ಮತ್ತು ವೇಗರೂಪವಾದ ಸಂಸ್ಕಾರ ಇವೆರಡರಿಂದಲೂ ಆಗುವುದೆಂದು ಪ್ರಶಸ್ತಪಾದರು ವಿವೇಚಿಸಿದ್ದಾರೆ. ವೇಗವು ಕ್ಷಣಕ್ಷಣಕ್ಕೂ ಹೆಚ್ಚುವುದೆಂಬುದು ಇಂದಿನ ಲೆಕ್ಕದಿಂದಲೂ ಸಿದ್ಧವಾಗುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಏಳು ನೆಲೆಗಳ ಗೋಪುರವು ಸುಮಾರು ೧೨೦ ಅಡಿ ಎತ್ತರವಾಗಿದೆ. ಅದರ ತುದಿಯಿಂದ ಕಲ್ಲೊಂದು ಜಾರಿದರೆ ಎರಡೂಮುಕ್ಕಾಲು ಸೆಕೆಂಡುಗಳಲ್ಲಿ ನೆಲವನ್ನು ಮುಟ್ಟುವುದು. ಆಗ ಅದರ ವೇಗವು ಗಂಟೆಗೆ ೬೦ ಮೈಲಿಯಾಗಿರುವುದು. ಈ ಲೆಕ್ಕವನ್ನೇ ಹಿಡಿದು, ಎತ್ತರ ಹೆಚ್ಚಿದಷ್ಟೂ ನೆಲವನ್ನು ಮುಟ್ಟುವಾಗಿನ ವೇಗವು ಹೆಚ್ಚುವುದೆಂದು ಊಹಿಸುವವರು ಅನೇಕರು. ಆ ಊಹೆ ಸರಿಯಲ್ಲ. ಏಕೆಂದರೆ ಅದರಲ್ಲಿ ವಾಯುವಿನ ಗಣನೆಯಿಲ್ಲ.

ಬೀಳುವ ವಸ್ತುವನ್ನು ವಾಯುವು ತಡೆಯುತ್ತದೆ. ವೇಗವು ಇಮ್ಮಡಿಯಾದರೆ ಈ ತಡೆಯು ನಾಲ್ಮಡಿಯಾಗುತ್ತದೆ. ತಡೆಯು ವಸ್ತುವಿನ ಭಾರಕ್ಕೆ ಸಮವಾದೊಡನೆ ವೇಗವು ಮತ್ತೆ ಹೆಚ್ಚುವುದಿಲ್ಲ, ಇದನ್ನು ಅಂತ್ಯವೇಗವೆನ್ನಬಹುದು. ಭಾರಕ್ಕೆ ಹೋಲಿಸಿದರೆ ಮೈಹರವು ದೊಡ್ಡದಾಗಿರುವ ವಸ್ತುವಿನ ಅಂತ್ಯವೇಗವು ಅಲ್ಪ. ಟಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಗಾಳಿಯು ಮರಳನ್ನು ಹೊತ್ತು ದೇವಾಲಯಗಳನ್ನೇ ಹೂಳಲು ಸಮರ್ಥವಾದುದೂ, ಅದೇ ಗಾಳಿ ಅಲ್ಲಿಯ ಕಲ್ಲುಗುಂಡನ್ನು ಅಲುಗಿಸಲಾರದುದೂ ಈ ಕಾರಣದಿಂದಲೇ. ಕೈಕಾಲುಗಳನ್ನು ಹರಡಿ ಮುಖವನ್ನು ಕೆಳಕ್ಕೆ ಮಾಡಿ ಬೀಳುವ ಮನುಷ್ಯನ ಅಂತ್ಯವೇಗವು ನೆಲದ ಸಮೀಪದಲ್ಲಿ ಗಂಟೆಗೆ ಸುಮಾರು ೧೨೦ ಮೈಲಿ. ತಲೆ ಕೆಳಗಾಗಿ ನೆಟ್ಟಗೆ ಬಿದ್ದರೆ ಇದಕ್ಕಿಂತ ಬಹಳ ಹೆಚ್ಚು. ಧುಮುಕುಕೊಡೆಯೆಂದರೆ ಮೈಹರವನ್ನು ಒಮ್ಮೆಗೇ ಹಿಗ್ಗಿಸುವ ಸಾಧನವಲ್ಲದೆ ಬೇರೆಯಲ್ಲ.

ಮೇಲೆ ಹೋದಂತೆ ವಾಯುವು ವಿರಳವಾಗುತ್ತದೆ. ೩೨,೦೦೦ ಅಡಿಗಳಲ್ಲಿ ಅದರ ಸಾಂದ್ರತೆಯು ಸಮುದ್ರಮಟ್ಟದ ಸುಮಾರು ಮೂರನೆಯ ಒಂದು ಪಾಲು. ೧,೨೭,೦೦೦ ಅಡಿಗಳಲ್ಲಿ ಸುಮಾರು ಮುನ್ನೂರನೆಯ ಒಂದು ಪಾಲು. ಅಲ್ಲಿ ತಡೆಯು ಇಲ್ಲವೆನ್ನುವಷ್ಟು ಅಲ್ಪವಾದುದರಿಂದ ವೇಗವು ಮಿತಿಮೀರಿ ಏರುತ್ತದೆ. ಕೆಳಗೆ ವಾಯುವು ದಟ್ಟವಾದಂತೆ ತಾನಾಗಿ ಇಳಿಯುತ್ತದೆ. ೨೦೧೨ನೆಯ ಅಕ್ಟೋಬರ್ ೧೪ರಂದು ಬೆಲೂನಿನಲ್ಲಿ ಏರಿ ೧,೨೭,೮೫೨ ಅಡಿಗಳಿಂದ ಧುಮುಕಿದ ಆಸ್ಟ್ರಿಯ ದೇಶದ ಫೆಲಿಕ್ಸ್ ಬೌಮ್‌ಗಾರ್ಟ್‌ನರ್ ಸುಮಾರು ೫೦ ಸೆಕೆಂಡುಗಳಲ್ಲಿ ಗಂಟೆಗೆ ೮೪೩ ಮೈಲಿಗಳ ವೇಗವನ್ನು ಮುಟ್ಟಿ, ಶಬ್ದದ ವೇಗವನ್ನೂ ಮೀರಿದನು. ಕೊಡೆಯನ್ನು ಬಿಚ್ಚುವ ಮೊದಲೇ ಆ ವೇಗದ ಬಹುಭಾಗವನ್ನು ವಾಯುವೇ ಕಳೆದಿತ್ತು.

ಹಾಗಾದರೆ ಕೌಶಲಕ್ಕೆ ಅವಕಾಶವೆಲ್ಲಿ? ಟಿ. ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವೆಡೆಯ ಹರಿಗೋಲನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ದುಂಡಾದ ಹರಿಗೋಲಿಗೆ ಗಿರ್ರನೆ ಸುತ್ತುವುದೇ ಸ್ವಭಾವ. ಅಂಬಿಗನು ಹುಟ್ಟಿನಿಂದ ನೀರನ್ನು ಒತ್ತಿ ಅದನ್ನು ನಿಲ್ಲಿಸುತ್ತಾನೆ. ಬೀಳುವವನಿಗೆ ಕೈಕಾಲುಗಳೇ ಹುಟ್ಟು, ವಾಯುವೇ ನೀರು. ಅಂಗೈಯನ್ನು ಕೊಂಚ ಓರೆ ಮಾಡಿದರೆ ದೇಹವು ತಿರುಗುತ್ತದೆ. ಆದರೆ ಬಹಳ ಎತ್ತರದಲ್ಲಿ ಒತ್ತುವುದಕ್ಕೆ ನೀರಿಲ್ಲದ ಹುಟ್ಟಿನಂತೆ ಅಂಗಗಳು ನಿಷ್ಫಲವಾಗುತ್ತವೆ. ಅಲ್ಲಿ ಹುಟ್ಟಿದ ಸುತ್ತು ನಿಲ್ಲುವುದಿಲ್ಲ. ೧೯೫೯ರಲ್ಲಿ ಅಮೆರಿಕದ ಜೋಸೆಫ್ ಕಿಟ್ಟಿಂಜರನು ೭೬,೪೦೦ ಅಡಿಗಳಿಂದ ಧುಮುಕಿದಾಗ, ಸ್ಥೈರ್ಯಕ್ಕಾಗಿ ಕಟ್ಟಿದ್ದ ಚಿಕ್ಕ ಕೊಡೆಯು ಅಕಾಲದಲ್ಲಿ ಬಿಚ್ಚಿ ಕೊರಳಿಗೆ ಸುತ್ತಿಕೊಂಡಿತು. ಅವನು ಬುಗುರಿಯಂತೆ ತಿರುಗಿ ಮೂರ್ಛೆಹೋದನು. ತಾನಾಗಿ ತೆರೆಯುವ ಕೊಡೆಯಿಂದ ಬದುಕಿದನು. ಅದು ಪತನ. ಮರುವರ್ಷ ಅವನೇ ೧,೦೨,೮೦೦ ಅಡಿಗಳಿಂದ ಧುಮುಕಿದಾಗ ಆ ಚಿಕ್ಕ ಕೊಡೆಯು ಸರಿಯಾಗಿ ತೆರೆದು ಅವನನ್ನು ಸ್ಥಿರವಾಗಿಟ್ಟಿತು. ಬೌಮ್‌ಗಾರ್ಟ್‌ನರನೂ ಸುತ್ತಿಗೆ ಸಿಕ್ಕಿದನಾದರೂ ವಾಯುವು ದಟ್ಟವಾದೊಡನೆ ಅಂಗವಿನ್ಯಾಸದಿಂದ ಅದನ್ನು ಗೆದ್ದನು. ೨೦೧೪ರಲ್ಲಿ ಆಲನ್ ಯೂಸ್ಟೇಸನು ಇನ್ನೂ ಮೇಲಿನಿಂದ, ಎಂದರೆ ೧,೩೫,೮೯೦ ಅಡಿಗಳಿಂದ, ಚಿಕ್ಕ ಕೊಡೆಯೊಡನೆ ಧುಮುಕಿದನು. ಅವನ ಪರಮವೇಗವು ಗಂಟೆಗೆ ೮೨೨ ಮೈಲಿ ಮಾತ್ರ. ಎತ್ತರ ಹೆಚ್ಚಾದರೂ ವೇಗವು ಕಡಿಮೆಯಾದುದು ಇಲ್ಲಿ ಗಮನಾರ್ಹ.

ವಾಯುವಿನ ವಿರಳತೆಯು ಗತಿಗೆ ಮಾತ್ರವಲ್ಲದೆ ಉಸಿರಿಗೂ ಬಾಧಕ. ಸುಮಾರು ೬೩,೦೦೦ ಅಡಿಗಳ ಮೇಲೆ ನೀರು ದೇಹದ ಉಷ್ಣದಲ್ಲಿಯೇ ಕುದಿಯುವುದರಿಂದ ಒತ್ತಡದ ಕವಚವಿಲ್ಲದೆ ಜೀವಿಸಲಾಗದು. ಅದಕ್ಕಿಂತ ಕೆಳಗೂ ಆಮ್ಲಜನಕವೂ ಚಳಿಯಿಂದ ರಕ್ಷಣೆಯೂ ಬೇಕು. ಈ ವಿದ್ಯೆಯಲ್ಲಿ ಕರ್ಣಾಟಕಕ್ಕೂ ಪಾಲುಂಟು. ಆಗ್ರಾ ಮತ್ತು ಬೆಂಗಳೂರು ನಗರಗಳಲ್ಲಿರುವ ರಕ್ಷಣಾ ಸಂಶೋಧನ ಸಂಸ್ಥೆಯ ಎರಡು ಪ್ರಯೋಗಾಲಯಗಳು ಕೂಡಿ ನಿರ್ಮಿಸಿದ ಸೈನಿಕ ಧುಮುಕುಕೊಡೆಯೊಡನೆ ೩೨,೦೦೦ ಅಡಿಗಳಿಂದ ಧುಮುಕಿದ ಪರೀಕ್ಷೆಯು ಸಫಲವಾಯಿತೆಂದು ೨೦೨೫ನೆಯ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಮೆಲ್ಲನೆ ಇಳಿಯುವುದೂ, ಬೇಕಾದ ಕಡೆಗೆ ತಿರುಗಿಸಲು ಬರುವುದೂ ಆ ಕೊಡೆಯ ವಿಶೇಷಗುಣಗಳು.

ಹೀಗಿರಲಾಗಿ, ಈ ಸಾಹಸವನ್ನು ಆದ್ಯಂತವಾಗಿ ಒಂದೇ ಪದದಿಂದ ಹೇಳುವುದು ಯುಕ್ತವಲ್ಲ. ವಾಯುವು ಕೈಗೆ ಸಿಕ್ಕದ ಮೇಲ್ಭಾಗದಲ್ಲಿ ಅದು ಬೀಳುವುದೇ ಸರಿ. ಅಲ್ಲಿ ಕವಚವೂ ಚಿಕ್ಕ ಕೊಡೆಯೂ ಪೂರ್ವಾಭ್ಯಾಸವೂ ಕಾಯಬೇಕು. ವಾಯುವು ಕೈಗೆ ಸಿಕ್ಕಿದ ಮೇಲೆ ಅದನ್ನು ಇಳಿಯುವುದೆನ್ನಬೇಕು. ಮೊದಲನೆಯದನ್ನು ಎರಡನೆಯದನ್ನಾಗಿ ಮಾರ್ಪಡಿಸುವ ಸಾಮರ್ಥ್ಯವೇ ಈ ವಿದ್ಯೆಯ ಸಾರವೆಂದು ತಿಳಿಯತಕ್ಕದ್ದು.