ಬಿದ್ದಲ್ಲಿಂದಲೇ ಮತ್ತೊಂದು ಜಿಗಿತ

ಐವತ್ತು ದಾಟಿದ ವೈದ್ಯನೊಬ್ಬ ರಾತ್ರಿ ಊಟವಾದ ಮೇಲೆ ಮಗನ ವಿಡಿಯೊ ಗೇಮ್ ಹಿಡಿದು ಕೂರುತ್ತಾನೆಂದರೆ ಊರಿನ ಬಂಧುಗಳು ನಕ್ಕಾರು. ಕಳೆದ ಚಳಿಗಾಲದವರೆಗೆ ನಾನೂ ನಗುತ್ತಿದ್ದೆ. ಇಂಗ್ಲೆಂಡಿನ ಉತ್ತರ ಭಾಗದ ಪಟ್ಟಣವೊಂದರಲ್ಲಿ ಇಪ್ಪತ್ತೈದು ವರ್ಷಗಳಿಂದ ವೈದ್ಯವೃತ್ತಿಯಲ್ಲಿರುವ ನಾನು, ಗೇಮ್ ಎಂದರೆ ಮಕ್ಕಳ ಓದನ್ನು ಕೆಡಿಸುವ ವಸ್ತುವೆಂದೇ ನಂಬಿದ್ದೆ.

ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ ಮಗ ಜನವರಿಯ ಪರೀಕ್ಷೆಗಳ ನಡುವೆಯೇ ಮನೆಗೆ ಬಂದುಬಿಟ್ಟ. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಎದೆ ಬಿಗಿದು, ಉಸಿರು ಕಟ್ಟಿದಂತಾಗಿ, ಒಳಗೆ ಹೋಗದೆ ಮರಳಿದ್ದನೆಂಬುದು ಅವನ ತಾಯಿಯಿಂದ ತಿಳಿಯಿತು. ಇಂಥ ತೊಂದರೆಯವರನ್ನು ಪ್ರತಿ ವಾರವೂ ನೋಡುವವನು ನಾನು. ನನ್ನ ಮನೆಯಲ್ಲೇ ಇದ್ದದ್ದು ಕಾಣಲಿಲ್ಲ. ಮಾತನಾಡಲು ಹೋದಾಗಲೆಲ್ಲ ನನ್ನ ಬಾಯಿಂದ ಬರುತ್ತಿದ್ದವು ಪ್ರಶ್ನೆಗಳೇ: ಯಾವ ವಿಷಯ, ಎಷ್ಟು ಅಂಕ, ಮುಂದೇನು? ಒಂದು ಸಂಜೆ ಅವನು ತನ್ನ ಸ್ವಿಚ್ ಯಂತ್ರವನ್ನು ನನ್ನ ಕೈಗಿಟ್ಟು, “ಅಪ್ಪ, ಪ್ರಶ್ನೆ ಬೇಡ. ಮೊದಲು ಇದನ್ನು ಆಡಿ ನೋಡು, ಆಮೇಲೆ ಮಾತಾಡೋಣ” ಎಂದ.

ಆ ಆಟದ ಹೆಸರು ಸೆಲೆಸ್ಟ್. 2018ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನೆಲೆಸಿದ್ದ ಮ್ಯಾಡಿ ಥಾರ್ಸನ್, ನೋಯಲ್ ಬೆರ್ರಿ ಮತ್ತು ಅವರ ಕೆಲವೇ ಸಂಗಾತಿಗಳು ಹೊರತಂದದ್ದು. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ತಂಡಗಳು ರೂಪಿಸುವ ಇಂಥವನ್ನು ಇಂಡೀ ಗೇಮ್‌ಗಳೆನ್ನುತ್ತಾರೆ. ಓಡುವುದು, ಜಿಗಿಯುವುದು, ಅಂಚನ್ನು ಹಿಡಿದು ಏರುವುದು, ಇಷ್ಟೇ ಆದರೆ ಅದು ಪ್ಲಾಟ್‌ಫಾರ್ಮರ್. ನಮ್ಮ ಕಾಲದ ಮಾರಿಯೊ ಇದೇ ಜಾತಿಯದು. ಅದಕ್ಕೂ ಹಿಂದಕ್ಕೆ ಹೋದರೆ, ಅಂಗಳದಲ್ಲಿ ಗೆರೆ ಎಳೆದು ಆಡುತ್ತಿದ್ದ ಕುಂಟೆಬಿಲ್ಲೆಯೂ ಇದರ ದಾಯಾದಿಯೇ. ಗೆರೆ ತುಳಿದವರು ಔಟು.

ಮ್ಯಾಡಲಿನ್ ಎಂಬ ಯುವತಿ ಒಂದು ಪರ್ವತವನ್ನು ಹತ್ತಲು ಹೊರಡುತ್ತಾಳೆ. ಆಕೆಗೆ ಆತಂಕದ ಕಾಯಿಲೆ. ಮೊದಲ ರಾತ್ರಿ ನಾನು ಎಷ್ಟು ಸಲ ಸತ್ತೆನೆಂದು ಯಂತ್ರವೇ ಲೆಕ್ಕವಿಟ್ಟು ತೋರಿಸಿತು: 214. ನಾಚಿಕೆಯಿಂದ ಮಗನ ಮುಖ ನೋಡಿದೆ. “ಅದು ಅವಮಾನದ ಲೆಕ್ಕ ಅಲ್ಲಪ್ಪ, ಕಲಿತದ್ದರ ಲೆಕ್ಕ” ಎಂದ. ಆಟವೂ ಅದನ್ನೇ ಹೇಳುತ್ತದೆ. ಮುಳ್ಳಿಗೆ ಬಿದ್ದ ಮರುಕ್ಷಣವೇ ಅದೇ ಪರದೆಯ ಆರಂಭದಲ್ಲಿ ಮ್ಯಾಡಲಿನ್ ಎದ್ದು ನಿಂತಿರುತ್ತಾಳೆ. ಹಿಂದಿನ ಪರದೆಗಳ ಶ್ರಮವನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಅಂಚು ದಾಟಿ ಕಾಲು ಗಾಳಿಗೆ ಬಂದಿದ್ದರೂ, ಕಣ್ಣಿಗೆ ಕಾಣದಷ್ಟು ಕ್ಷಣ ಜಿಗಿಯಲು ಅವಕಾಶವಿರುತ್ತದೆ. ಕಠಿಣವಾದ ಆಟದೊಳಗೆ ಅದನ್ನು ಮಾಡಿದವರು ಬಚ್ಚಿಟ್ಟ ಕರುಣೆಯದು.

ಒಂದು ಕಡೆ ರೋಪ್‌ವೇ ಪೆಟ್ಟಿಗೆ ನಡುದಾರಿಯಲ್ಲಿ ನಿಂತು ಮ್ಯಾಡಲಿನ್‌ಳ ಉಸಿರು ಕಟ್ಟುತ್ತದೆ. ಜೊತೆಗಾರ ಥಿಯೊ, ಗಾಳಿಯಲ್ಲಿ ತೇಲುವ ಗರಿಯೊಂದನ್ನು ಊಹಿಸಿಕೊಂಡು ಉಸಿರಿನ ಲಯದಿಂದ ಅದನ್ನು ಮೇಲಿರಿಸು ಎನ್ನುತ್ತಾನೆ. ಗುಂಡಿ ಒತ್ತಿ, ಬಿಟ್ಟು, ಗರಿಯನ್ನು ತೇಲಿಸಬೇಕಾದವರು ನಾವು. ನಿಧಾನವಾಗಿ ಉಸಿರಾಡಿ ಎಂದು ನಾನೂ ರೋಗಿಗಳಿಗೆ ಹೇಳುತ್ತೇನೆ. ಅಂದು ಮಾತ್ರ ನನ್ನ ಉಸಿರು ಆ ಗರಿಯೊಂದಿಗೆ ಏರಿಳಿಯುತ್ತಿತ್ತು, ಪಕ್ಕದಲ್ಲಿ ಮಗನದೂ. ಮುಂದೊಂದು ಅಧ್ಯಾಯದಲ್ಲಿ, ಕನ್ನಡಿಯಿಂದ ಹೊರಬಂದ ಅವಳದೇ ಕರಾಳ ಪ್ರತಿರೂಪ ಆ ಗರಿಯನ್ನು ಕತ್ತರಿಸಿಹಾಕುತ್ತದೆ. ಉಪಾಯವೊಂದು ಸದಾ ಫಲಿಸುವುದಿಲ್ಲವೆಂಬ ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಪಾತಾಳಕ್ಕೆ ಬಿದ್ದ ಮೇಲೆಯೇ ಆಕೆ ತನ್ನ ಭಯದಿಂದ ಓಡುವುದನ್ನು ಬಿಟ್ಟು ಅದರೊಂದಿಗೆ ರಾಜಿಯಾಗುತ್ತಾಳೆ; ಇಬ್ಬರೂ ಒಂದಾದಾಗ ಜಿಗಿತದ ಬಲ ಹೆಚ್ಚುತ್ತದೆ.

ಸೆಲೆಸ್ಟ್‌ನಲ್ಲಿ ‘ಅಸಿಸ್ಟ್ ಮೋಡ್’ ಎಂಬ ಸೌಲಭ್ಯವಿದೆ. ಆಟದ ವೇಗ ತಗ್ಗಿಸಬಹುದು, ದಣಿವಿಲ್ಲದಂತೆ ಮಾಡಿಕೊಳ್ಳಬಹುದು. ಎರಡು ವಾರ ಹಟದಿಂದ ಅದನ್ನು ಮುಟ್ಟಲಿಲ್ಲ. ಕೊನೆಗೆ ಒಂದು ಪರದೆಯಲ್ಲಿ ಸೋತು ಮುಟ್ಟಿದೆ. ಯಾರೂ ನಗಲಿಲ್ಲ. ಶಿಖರ ಅದೇ, ಕಥೆಯ ಕೊನೆಯೂ ಅದೇ.

ಆ ರಾತ್ರಿ, ಇಪ್ಪತ್ತೈದು ವರ್ಷ ಮುಚ್ಚಿಟ್ಟಿದ್ದ ಸಂಗತಿಯೊಂದನ್ನು ಮಗನಿಗೆ ಹೇಳಿದೆ. ಎಂ.ಡಿ. ಮುಗಿಸಿ ಈ ದೇಶಕ್ಕೆ ಬಂದ ಹೊಸತರಲ್ಲಿ, ಇಲ್ಲಿ ವೈದ್ಯನಾಗಲು ಬರೆಯಬೇಕಾದ ಪ್ಲ್ಯಾಬ್ ಪರೀಕ್ಷೆಯ ಎರಡನೆಯ ಭಾಗದಲ್ಲಿ ನಾನು ಮೊದಲ ಸಲ ನಪಾಸಾಗಿದ್ದೆ. ಊರಿಗೆ ಫೋನ್ ಮಾಡಿ, ಪರೀಕ್ಷೆಯ ದಿನಾಂಕ ಮುಂದಕ್ಕೆ ಹೋಗಿದೆ ಎಂದಿದ್ದೆ. ಮಗ ಬಹಳ ಹೊತ್ತು ಸುಮ್ಮನಿದ್ದು, “ನನಗೆ ಇದು ಮೊದಲೇ ಗೊತ್ತಿದ್ದಿದ್ದರೆ ಚೆನ್ನಾಗಿತ್ತು” ಎಂದ.

ಬಳಿಕ ಇನ್ನೆರಡು ಆಟಗಳನ್ನು ಕೊಟ್ಟ. ಬಾರ್ಸಿಲೋನಾದ ನೊಮಾಡ ಸ್ಟುಡಿಯೊದ ಗ್ರಿಸ್ ಕೂಡ 2018ರದು; ಜಲವರ್ಣ ಚಿತ್ರದಂತಿದೆ. ಇದರಲ್ಲಿ ಸಾವೇ ಇಲ್ಲ. ದನಿ ಕಳೆದುಕೊಂಡ ಹುಡುಗಿಯೊಬ್ಬಳ ಬಣ್ಣಗೆಟ್ಟ ಲೋಕಕ್ಕೆ ಬಣ್ಣಗಳು ಒಂದೊಂದಾಗಿ ಮರಳುತ್ತವೆ. ಬಿರುಗಾಳಿ ಬೀಸಿದಾಗ ಆಕೆಯ ಉಡುಗೆ ಬಂಡೆಯಷ್ಟು ಭಾರವಾಗಿ ಅವಳನ್ನು ನೆಲದಲ್ಲಿ ನಿಲ್ಲಿಸುತ್ತದೆ. ದುಃಖದ ಭಾರವೂ ಆಸರೆಯಾಗಬಲ್ಲದೆಂದು ಒಂದು ಮಾತೂ ಇಲ್ಲದೆ ಹೇಳುವ ಪರಿ ಇದು.

ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ 2017ರಲ್ಲಿ ತಂದ ಹಾಲೋ ನೈಟ್ ಇಷ್ಟು ಮೃದುವಲ್ಲ. ನೆಲದಡಿಯ ಹಾಳು ರಾಜ್ಯದಲ್ಲಿ ಸತ್ತರೆ, ಹಿಂದೆ ವಿಶ್ರಮಿಸಿದ ಬೆಂಚಿನವರೆಗೆ ಮರಳಬೇಕು. ಗಳಿಸಿದ ಹಣ ಸತ್ತ ಜಾಗದಲ್ಲೇ ನಮ್ಮ ನೆರಳಿನ ಬಳಿ ಉಳಿದಿರುತ್ತದೆ. ಅಲ್ಲಿಗೆ ಹೋಗಿ ಆ ನೆರಳನ್ನು ಎದುರಿಸಿದರೆ ಹಣ ಮತ್ತೆ ನಮ್ಮದು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಅದೂ ಇಲ್ಲ. ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ಕೈಯಲ್ಲಿ ನಕ್ಷೆಯಿರುವುದಿಲ್ಲ. ಮೊದಲೇ ಬಂದು ನಕ್ಷೆ ಬರೆಯುತ್ತ ಗುನುಗುವವನೊಬ್ಬನನ್ನು, ಅವನ ಗುನುಗನ್ನೇ ಹಿಂಬಾಲಿಸಿ ಹುಡುಕಬೇಕು. ಪರದೇಶಕ್ಕೆ ಹೊರಟಿರುವ ತರುಣರಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನ್ನಲ್ಲಿಲ್ಲ: ಮೊದಲು ಬಂದವರನ್ನು ಹುಡುಕಿ, ಅವರು ಎಲ್ಲಿ ಎಡವಿದರೆಂದು ಕೇಳಿ.

ಮೂರು ಆಟಗಳಿಂದ ನನಗೆ ತಿಳಿದದ್ದು ಒಂದೇ. ಬೀಳುವುದು ಎಲ್ಲರಿಗೂ ಉಂಟು. ಬಿದ್ದವರನ್ನು ಎಷ್ಟು ದೂರ ಹಿಂದಕ್ಕೆ ಕಳುಹಿಸುತ್ತೇವೆ ಎಂಬುದರಲ್ಲಿ ವ್ಯತ್ಯಾಸ. ಒಂದು ಪರೀಕ್ಷೆ ತಪ್ಪಿದರೆ ನಮ್ಮ ಮನೆಗಳಲ್ಲಿ ಮಗುವನ್ನು ಹುಟ್ಟಿನವರೆಗೆ ಹಿಂದಕ್ಕೆ ನೂಕುತ್ತೇವೆ: “ನಿನ್ನನ್ನು ಓದಿಸಿದ್ದೇ ದಂಡ.”

ಮಗ ಸೆಪ್ಟೆಂಬರಿನಿಂದ ಎರಡನೆಯ ವರ್ಷವನ್ನೇ ಮತ್ತೆ ಓದುತ್ತಿದ್ದಾನೆ. ವಾರಕ್ಕೊಮ್ಮೆ ಆಪ್ತಸಮಾಲೋಚಕರನ್ನು ಕಾಣುತ್ತಾನೆ. ಊರಿನಲ್ಲಿರುವ ನನ್ನ ತಂದೆಗೆ ಎಂಬತ್ತನಾಲ್ಕು. ಈ ಸಲ ಫೋನಿನಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಮಗನದನ್ನು ಹೇಳಿದೆ, ನನ್ನದನ್ನೂ ಹೇಳಿದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ದನಿಯಿಲ್ಲ. ಬಳಿಕ ಅವರು ಕೇಳಿದ್ದು ಇಷ್ಟೇ: “ಅಲ್ಲವೋ, ಎರಡನೇ ಸಲದ ಫೀಸಿಗೆ ಆಗ ದುಡ್ಡು ಎಲ್ಲಿಂದ ತಂದೆ?”