ನಮ್ಮ ಧಾರಾವಾಹಿಗೆ ಡಿವಿಡಿ ಯಾಕ ಬರಲಿಲ್ಲ?

ವಿಜಯಪುರದ ಸಿದ್ಧೇಶ್ವರ ಗುಡಿ ಓಣಿಯಿಂದ ಮಾತಾಡಾಕತ್ತೀನಿ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಡಿವಿಡಿಯಾಗಿ ಬಂತು. ನಮ್ಮವ್ವ ದಿನಾ ನೋಡೋ ಕನ್ನಡ ಧಾರಾವಾಹಿ ಯಾಕ ಬರಲಿಲ್ಲ?

ಲೆಕ್ಕ ನೋಡ್ರಿ. ಶಂಕರ್ ನಾಗ್ ಮಾಡಿದ್ದು 39 ಕಂತು. ದಿನದ ಧಾರಾವಾಹಿ 22 ನಿಮಿಷದ ಸಾವಿರ ಕಂತು ಅಂತ ಹಿಡೀರಿ: 366 ತಾಸು. ಡಿವಿಡಿಗೆ ಎರಡು ತಾಸಂದ್ರೂ 183 ಡಿಸ್ಕ್! ಯಾರು ಕೊಳ್ತಾರ್ರೀ?

ಮಾಸ್ಟರ್ ತಯಾರಿಸೋ ಖರ್ಚು ನೂರು ಪ್ರತಿ ಮಾರಿದ್ರೂ ಅಷ್ಟೇ, ಲಕ್ಷ ಮಾರಿದ್ರೂ ಅಷ್ಟೇ. ಬಿಕಾಂನ್ಯಾಗ ಓದಿದ ಸ್ಥಿರ ವೆಚ್ಚ ಇದೇ. ‘ಮಾಲ್ಗುಡಿ’ಗೆ ಹಿಂದಿಯ ದೊಡ್ಡ ಮಾರುಕಟ್ಟೆ ಇತ್ತು, ಖರ್ಚು ಹಂಚಿಹೋತು.

2016ರಾಗ ಜಿಯೋ ಬಂದು ಡೇಟಾ ಅಗ್ಗಾತು, ಡಿಸ್ಕ್ ಕೇಳೋರೇ ಇಲ್ಲದಂಗಾತು. ಆದ್ರ ಆ್ಯಪ್ ಅಂದ್ರ ಬಾಡಿಗಿ ಮನಿ. ಹಕ್ಕಿನ ಅವಧಿ ಮುಗಿದ್ರ ಕಂತು ಮಾಯ, ನಮ್ಮವ್ವನ ಕಪಾಟಿನ್ಯಾಗ ಏನೂ ಉಳಿಯಂಗಿಲ್ಲ.