ನಿಮಗಿದು ಗೊತ್ತೇ? ಫ್ಲೂ ಜ್ವರದ ಖರ್ಚು ಯಾರ ತಲೆಗೆ?

ನಮ್ಮಲ್ಲಿ ಆಷಾಢದ ಗಾಳಿ ಬೀಸುವ ಹೊತ್ತಿಗೆ ನ್ಯೂಜಿಲೆಂಡ್‌ನಲ್ಲಿ ಕೊರೆಯುವ ಚಳಿ. ಫ್ಲೂ ಜ್ವರ ಅಲ್ಲಿ ಜೋರಾಗುವುದು ಆಗಲೇ. ಆ ದೇಶದ ಜನಸಂಖ್ಯೆ ಸುಮಾರು 53 ಲಕ್ಷ, ಬೆಂಗಳೂರಿನ ಅರ್ಧವೂ ಇಲ್ಲ. ಅಷ್ಟು ಜನರ ನಡುವೆ ವರ್ಷಕ್ಕೆ ಸುಮಾರು 500 ಸಾವಿಗೆ ಫ್ಲೂ ಕಾರಣವೆಂದು ಅಲ್ಲಿನ ಆರೋಗ್ಯಾಧಿಕಾರಿಗಳ ಅಂದಾಜು. ಸತ್ತವರ ಲೆಕ್ಕವನ್ನು ಸರ್ಕಾರ ಇಡುತ್ತದೆ. ಜ್ವರ ಬಂದು, ವಾರ ಮಲಗಿ, ಎದ್ದು ಕೆಲಸಕ್ಕೆ ಹೋದವರ ಮನೆಯಲ್ಲಿ ಎಷ್ಟು ದುಡ್ಡು ಕರಗಿತೆಂಬ ಲೆಕ್ಕವನ್ನು ಆ ಮನೆಯವರೇ ಇಟ್ಟುಕೊಳ್ಳಬೇಕು.

ಮೊದಲು ಕೂಲಿಯ ಮಾತು. 2025ರ ಏಪ್ರಿಲ್ 1ರಂದು ಅಲ್ಲಿನ ಕನಿಷ್ಠ ವೇತನ ಗಂಟೆಗೆ 23.50 ನ್ಯೂಜಿಲೆಂಡ್ ಡಾಲರ್ ಆಗಿತ್ತು. ಆ ಲೆಕ್ಕದಲ್ಲಿ ದಿನಕ್ಕೆ ಎಂಟು ಗಂಟೆಯೆಂದರೆ 188 ಡಾಲರ್. ಸಂಬಳದ ರಜೆಯಿಲ್ಲದವರು ಐದು ದಿನ ಹಾಸಿಗೆ ಹಿಡಿದರೆ 940 ಡಾಲರ್ ಹೋಯಿತು. ಮನೆ ಬಾಡಿಗೆಯನ್ನು ವಾರವಾರ ಕಟ್ಟುವ ಪದ್ಧತಿ ಅಲ್ಲಿಯದು. ಜ್ವರವೆಂದು ಮನೆಯೊಡೆಯ ಆ ವಾರದ ಬಾಡಿಗೆ ಬಿಡುವುದಿಲ್ಲ.

ಸಂಬಳಸಹಿತ ಅನಾರೋಗ್ಯ ರಜೆ ವರ್ಷಕ್ಕೆ ಐದೇ ದಿನ ಇತ್ತು, ಅದು ಹತ್ತಾದದ್ದು 2021ರ ಜುಲೈ 24ರಿಂದ ಎಂಬುದು ಗೊತ್ತೇ? ಮಗುವಿಗೆ ಜ್ವರ ಬಂದಾಗ ತಾಯಿ ಮನೆಯಲ್ಲಿ ಉಳಿದರೆ, ಗಂಡ ಮಲಗಿದಾಗ ಹೆಂಡತಿ ನೋಡಿಕೊಂಡರೆ, ಆ ದಿನಗಳೂ ಇದೇ ರಜೆಯಿಂದ ಕಳೆಯುತ್ತವೆ. ಫ್ಲೂ ಮನೆಯೊಳಗೆ ಒಬ್ಬರಿಗೆ ಬಂದು ನಿಲ್ಲುವ ಕಾಯಿಲೆಯಲ್ಲ. ಮೊದಲು ಮಗು, ಆಮೇಲೆ ತಾಯಿ, ಆಮೇಲೆ ತಂದೆ. ಎರಡು ಮಕ್ಕಳಿರುವ ಮನೆಯಲ್ಲಿ ಹತ್ತು ದಿನ ಒಂದೇ ಚಳಿಗಾಲಕ್ಕೆ ಮುಗಿದುಹೋಗಬಹುದು. ಜ್ವರದ ಮಗುವನ್ನು ಶಿಶುವಿಹಾರ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆದರೆ ಹಲವು ಕಡೆ ಮಗು ಬಾರದ ದಿನಕ್ಕೂ ಶುಲ್ಕ ಕೊಡಬೇಕು.

ಈ ರಜೆಯಲ್ಲಿ ಇಲ್ಲಿಂದ ಹೊಸದಾಗಿ ಹೋದವರು ಗಮನಿಸದ ಒಂದು ಅಂಶವಿದೆ. 2003ರ ರಜಾ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲಷ್ಟೇ ಅನಾರೋಗ್ಯ ರಜೆಯ ಹಕ್ಕು. ಮಾರ್ಚ್‌ನಲ್ಲಿ ಕೆಲಸ ಹಿಡಿದವರಿಗೆ ಅದು ಸಿಗುವುದು ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಮೊದಲ ಚಳಿಗಾಲವೇ ಕಳೆದಿರುತ್ತದೆ. ಮಾಲೀಕರು ತಾವಾಗಿಯೇ ಮುಂಗಡ ರಜೆ ಕೊಟ್ಟರೆ ಸರಿ, ಇಲ್ಲದಿದ್ದರೆ ಸಂಬಳಕ್ಕೆ ಕತ್ತರಿ. ಊರಿಗೆ ಫೋನ್ ಮಾಡಿದಾಗ "ಸ್ವಲ್ಪ ನೆಗಡಿ ಅಷ್ಟೇ" ಎಂದು ಹೇಳಿ, ಮೈ ಸುಡುತ್ತಿದ್ದರೂ ಕೆಲಸಕ್ಕೆ ಹೋಗುವವರು ಇದ್ದಾರೆ. ಅವರನ್ನು ಬೈಯುವ ಮನಸ್ಸು ನನಗಿಲ್ಲ.

ಕಾಲು ಮುರಿದರೆ ಒಂದು ನ್ಯಾಯ, ಜ್ವರ ಬಂದರೆ ಇನ್ನೊಂದು ಎಂಬುದು ಗೊತ್ತೇ? 1974ರ ಏಪ್ರಿಲ್ 1ರಿಂದ ನ್ಯೂಜಿಲೆಂಡ್‌ನಲ್ಲಿ ಅಪಘಾತ ಪರಿಹಾರ ಯೋಜನೆ ಇದೆ. ಜನ ಅದನ್ನು ಕರೆಯುವುದು ಎಸಿಸಿ ಎಂದು. ಮೆಟ್ಟಿಲ ಮೇಲೆ ಜಾರಿ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ, ಮೊದಲ ವಾರ ಕಳೆದ ಮೇಲೆ ಗಳಿಕೆಯ ಶೇ. 80ರಷ್ಟನ್ನು ಆ ಯೋಜನೆ ಕೊಡುತ್ತದೆ. ತಪ್ಪು ಯಾರದೆಂದು ಕೇಳುವುದಿಲ್ಲ. ಸ್ವಂತ ಉದ್ಯೋಗದವರಿಗೂ ಇದು ಉಂಟು. ದೊಡ್ಡ ವ್ಯವಸ್ಥೆಯೇ ಇದು. ಆದರೆ ಅದು ಗಾಯಕ್ಕೆ ಮಾತ್ರ, ಮಾಮೂಲಿ ಕಾಯಿಲೆಗೆ ಅಲ್ಲ. ಟ್ಯಾಕ್ಸಿ ಓಡಿಸುವವರು, ಗುತ್ತಿಗೆಯ ಮೇಲೆ ಪಾರ್ಸೆಲ್ ಹಂಚುವವರು, 'ಡೈರಿ' ಇಟ್ಟುಕೊಂಡವರು ಫ್ಲೂ ಬಂದರೆ ಸಂಪಾದನೆಯಿಲ್ಲದೆ ಕೂರಬೇಕು. (ಅಲ್ಲಿ ಡೈರಿ ಎಂದರೆ ಹಾಲಿನ ಡೈರಿಯಲ್ಲ, ಬೀದಿ ಮೂಲೆಯ ದಿನಸಿ ಅಂಗಡಿ. ಅವುಗಳಲ್ಲಿ ಎಷ್ಟೋ ಅಂಗಡಿಗಳು ಭಾರತೀಯ ಕುಟುಂಬಗಳವು.) ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿಯಲ್ಲಿ ಇಬ್ಬರೂ ಮಲಗಿದರೆ ಬಾಗಿಲು ತೆರೆಯುವವರಿಲ್ಲ. ಈ ವ್ಯತ್ಯಾಸ ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಇಡೀ ದೇಶದ ಲೆಕ್ಕಕ್ಕೆ ಬಂದರೆ, ಸದರ್ನ್ ಕ್ರಾಸ್ ವಿಮಾ ಸಂಸ್ಥೆ ಮತ್ತು ಉದ್ಯಮಿಗಳ ಸಂಘಟನೆ ಬಿಸಿನೆಸ್ ಎನ್‌ಜಡ್ ಸೇರಿ ನಡೆಸಿದ ಸಮೀಕ್ಷೆಯಂತೆ 2020ರಲ್ಲಿ ಒಬ್ಬ ನೌಕರ ಸರಾಸರಿ 4.2 ದಿನ ಗೈರಾಗಿದ್ದ. 2022ರಲ್ಲಿ ಅದು 5.5 ದಿನಕ್ಕೆ ಏರಿತು. ಒಟ್ಟು ಸುಮಾರು ಒಂದು ಕೋಟಿ ಕೆಲಸದ ದಿನ, 286 ಕೋಟಿ ಡಾಲರ್ ನಷ್ಟ. ಇದರಲ್ಲಿ ಕೋವಿಡ್ ಪಾಲೂ ದೊಡ್ಡದು, ಎಲ್ಲವನ್ನೂ ಫ್ಲೂ ಖಾತೆಗೆ ಹಾಕುವಂತಿಲ್ಲ.

2020ರಲ್ಲಿ ಅಲ್ಲಿ ಫ್ಲೂ ಹೆಚ್ಚುಕಡಿಮೆ ಮಾಯವೇ ಆಗಿತ್ತು! ಗಡಿ ಮುಚ್ಚಿ, ಮಾರ್ಚ್ ಕೊನೆಗೆ ಲಾಕ್‌ಡೌನ್ ಮಾಡಿದ್ದರಿಂದ ಹಿಂದಿನ ವರ್ಷಗಳಿಗೆ ಹೋಲಿಸಿದರೆ ಶೇ. 99.9ರಷ್ಟು ಇಳಿಕೆ. ಗಡಿ ತೆರೆದ 2022ರಲ್ಲಿ ಅದು ಮತ್ತೆ ಬಂತು.

ಫ್ಲೂ ತಗುಲಿದ ಬಹುಪಾಲು ಜನರಿಗೆ ಅದು ಗೊತ್ತೇ ಆಗುವುದಿಲ್ಲ. 2015ರಲ್ಲಿ ಆಕ್ಲೆಂಡ್‌ನಲ್ಲಿ ರಕ್ತ ಪರೀಕ್ಷಿಸಿ ನೋಡಿದಾಗ ನಾಲ್ವರಲ್ಲಿ ಒಬ್ಬರಿಗೆ ಆ ಚಳಿಗಾಲ ಸೋಂಕು ತಗುಲಿತ್ತು. ಹಾಗೆ ತಗುಲಿದ ಪ್ರತಿ ಐವರಲ್ಲಿ ನಾಲ್ವರು ಲಕ್ಷಣವಿಲ್ಲದೆ ಓಡಾಡಿಕೊಂಡಿದ್ದರು. ತಮಗೇ ತಿಳಿಯದೆ ಇತರರಿಗೆ ಹರಡದಿರಲೆಂದೇ ಗಟ್ಟಿಮುಟ್ಟಾದವರೂ ಲಸಿಕೆ ಹಾಕಿಸಿಕೊಳ್ಳಿ ಎಂದು ವೈದ್ಯರು ಹೇಳುವುದು.

ಎಲ್ಲರ ಮೇಲೂ ಹೊರೆ ಒಂದೇ ಸಮ ಬೀಳುವುದಿಲ್ಲ. ಆಸ್ಪತ್ರೆ ಸೇರುವವರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಮತ್ತು ಪೆಸಿಫಿಕ್ ದ್ವೀಪಗಳ ಜನರ ಪ್ರಮಾಣ ಹೆಚ್ಚು. ಇಕ್ಕಟ್ಟಾದ, ತಣ್ಣಗಿನ, ತೇವ ಹಿಡಿದ ಬಾಡಿಗೆ ಮನೆಗಳೂ ಇದಕ್ಕೆ ಕಾರಣ. ಬಾಡಿಗೆ ಮನೆಯ ನಡುಮನೆಯನ್ನು 18 ಡಿಗ್ರಿಗೆ ಬೆಚ್ಚಗಾಗಿಸುವ ಹೀಟರ್ ಇರಲೇಬೇಕೆಂದು ಈಗ ಕಾನೂನಿದೆ. ಆದರೆ ಕರೆಂಟ್ ಬಿಲ್ ಕಟ್ಟುವುದು ಬಾಡಿಗೆಯವರು. ಪಿಂಚಣಿದಾರರಿಗೂ ಸರ್ಕಾರಿ ನೆರವು ಪಡೆಯುವ ಇತರರಿಗೂ ಮೇ 1ರಿಂದ ಅಕ್ಟೋಬರ್ 1ರವರೆಗೆ ಪ್ರತ್ಯೇಕ ಚಳಿಗಾಲದ ಭತ್ಯೆ ಸಿಗುತ್ತದೆ. ಒಬ್ಬರೇ ಇದ್ದರೆ ವಾರಕ್ಕೆ 20.46 ಡಾಲರ್.

ಈ ಅಸಮಾನತೆಯ ಬೇರು ಹಳೆಯದು. 1918ರ ಮಹಾಮಾರಿ ಫ್ಲೂ ಎರಡು ತಿಂಗಳಲ್ಲಿ ನ್ಯೂಜಿಲೆಂಡ್‌ನ ಸುಮಾರು 9,000 ಜನರನ್ನು ಕೊಂದಿತು. ಮಾವೋರಿಗಳ ಸಾವಿನ ಪ್ರಮಾಣ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚಿತ್ತು. ಸತ್ತವರಲ್ಲಿ ದುಡಿಯುವ ವಯಸ್ಸಿನ ಗಂಡಸರು ಬಹಳ. ವಿಧವೆಯರಿಗೆ ಸರ್ಕಾರ ವಿಶೇಷ ಭತ್ಯೆ ಕೊಡಬೇಕಾಯಿತು. ವೈಕಾಟೊ ಪ್ರದೇಶದ ಮಾವೋರಿ ನಾಯಕಿ ತೆ ಪುಯಾ ಹೇರಂಗಿ ತಬ್ಬಲಿಯಾದ ಸುಮಾರು ನೂರು ಮಕ್ಕಳನ್ನು ತಂದು ಸಾಕಿದರು. ಮುಂದೆ ಹಾಡು ಕುಣಿತದ ತಂಡ ಕಟ್ಟಿಕೊಂಡು ಊರೂರು ತಿರುಗಿ, ನಾರುವಾವಾಹಿಯಾದಲ್ಲಿ ತಮ್ಮ ಜನರ ನೆಲೆ ಕಟ್ಟಲು ಹಣ ಕೂಡಿಸಿದರು. ಒಂದು ಸಮುದಾಯ ಜ್ವರದ ಸಾಲವನ್ನು ಹೇಗೆ ತೀರಿಸಿತು ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಅವರದು.

ಮದ್ದಿನ ಖರ್ಚು? 14 ವರ್ಷದೊಳಗಿನ ಮಕ್ಕಳಿಗೆ ವೈದ್ಯರ ಭೇಟಿ ಸಾಮಾನ್ಯವಾಗಿ ಉಚಿತ. ದೊಡ್ಡವರು ಹಲವು ಕಡೆ 50 ಡಾಲರ್‌ಗೂ ಹೆಚ್ಚು ತೆರಬೇಕು. 65 ದಾಟಿದವರಿಗೆ, ಗರ್ಭಿಣಿಯರಿಗೆ, ಹೃದ್ರೋಗ, ಸಕ್ಕರೆ ಕಾಯಿಲೆಯಂಥ ದೀರ್ಘಕಾಲದ ತೊಂದರೆ ಇರುವವರಿಗೆ ಫ್ಲೂ ಲಸಿಕೆ ಉಚಿತ.

ಆದರೆ ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಲೋ ಸಂದರ್ಶಕ ವೀಸಾದಲ್ಲಿ ಹೋದ ಅಜ್ಜ ಅಜ್ಜಿಗೆ ಈ ಯಾವ ಉಚಿತವೂ ಅನ್ವಯಿಸುವುದಿಲ್ಲ. ಫ್ಲೂ ನ್ಯುಮೋನಿಯಾಕ್ಕೆ ತಿರುಗಿ ಆಸ್ಪತ್ರೆ ಸೇರಿದರೆ ಪೂರ್ತಿ ಬಿಲ್ಲು ಮನೆಯವರ ಮೇಲೆ. ನಮ್ಮ ಬೇಸಿಗೆ ಮುಗಿಸಿ ಮೇ, ಜೂನ್‌ನಲ್ಲಿ ಹೊರಡುವವರು ಇಳಿಯುವುದು ನೇರ ಫ್ಲೂ ಕಾಲಕ್ಕೆ. ಟಿಕೆಟ್ ಕೊಂಡ ದಿನವೇ ಪ್ರಯಾಣ ವಿಮೆಯನ್ನೂ ಮಾಡಿಸಿ, ಹಳೆಯ ಕಾಯಿಲೆಗಳಿಗೂ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ನಿಮ್ಮ ವೈದ್ಯರನ್ನು ಕೇಳಿ ಫ್ಲೂ ಲಸಿಕೆಯನ್ನು ಹೊರಡುವ ಮೊದಲೇ ಹಾಕಿಸಿಕೊಳ್ಳಿ. ಅದು ಮೈಗೆ ಹತ್ತಲು ಸುಮಾರು ಎರಡು ವಾರ ಬೇಕು.